ಗೋಲಿಯಾಟದಿಂದ ನ್ಯಾಯದವರೆಗೆ: ಮಕ್ಕಳ ನೀತಿವಿವೇಕವನ್ನು ಅರಿಯಲೆತ್ನಿಸಿದವರ ಕಥೆ

ಸೊಲ್ಲಾಪುರ ಸೀಮೆಯ ನಮ್ಮ ಕನ್ನಡ ಸಂಘಗಳಲ್ಲಿ ಸಮ್ಮೇಳನಕ್ಕೆ ಮುನ್ನ ಮಕ್ಕಳಿಗಾಗಿ ವಚನ ಕಂಠಪಾಠ ಸ್ಪರ್ಧೆ ನಡೆಸುವುದು ಹಳೆಯ ಪದ್ಧತಿ. ಕೆಲವು ವರ್ಷಗಳ ಹಿಂದಿನ ಸ್ಪರ್ಧೆಯೊಂದರಲ್ಲಿ ಎಂಟು ವರ್ಷದ ಬಾಲಕನೊಬ್ಬ ಬಸವಣ್ಣನವರ ಸಪ್ತಶೀಲದ ವಚನವನ್ನು ಒಂದಕ್ಷರವೂ ತಪ್ಪದಂತೆ ಹೇಳಿ ಮೊದಲ ಬಹುಮಾನಕ್ಕೆ ಪಾತ್ರನಾದನು. ತೀರ್ಪುಗಾರರಲ್ಲೊಬ್ಬರಾದ ನಿವೃತ್ತ ಶಿಕ್ಷಕರು ಪ್ರೀತಿಯಿಂದ, "ಹಂಗ್ಯಾಕ ಮಾಡಬಾರದಪಾ?" ಎಂದು ಕೇಳಿದಾಗ ಬಾಲಕನು ಕ್ಷಣಕಾಲ ಯೋಚಿಸಿ, "ಅದು ನಮ್ಮ ಗುರೂಜಿಗೆ ಗೊತ್ತೈತ್ರಿ" ಎಂದನು. ಸಭೆ ನಕ್ಕಿತು, ನಾವೂ ನಕ್ಕೆವು. ಆದರೆ ಮನೆಗೆ ಹಿಂದಿರುಗುವಾಗ ಆ ಉತ್ತರವು ನಮ್ಮೊಡನೆಯೇ ಬಂದಿತು. ಗಡಿಯಾಚೆ ನೆಲೆಸಿದ ನಾವು ಮಕ್ಕಳಿಗೆ ಭಾಷೆಯನ್ನು ಕಲಿಸುತ್ತಿರುವುದು ಕೇವಲ ಲಿಪಿಗಾಗಿ ಅಲ್ಲವೆಂದೂ ಭಾಷೆಯೊಡನೆ ಒಂದು ನಡೆವಳಿಕೆಯೂ ಮುಂದಿನ ತಲೆಮಾರಿಗೆ ದಾಟಬೇಕೆಂದೂ ವೇದಿಕೆಗಳಲ್ಲಿ ಹೇಳುತ್ತ ಬಂದಿದ್ದೇವೆ. ಆ ನಡೆವಳಿಕೆ ಮಗುವಿನೊಳಗೆ ಹೇಗೆ ಹುಟ್ಟುತ್ತದೆ ಎಂಬುದನ್ನು ಮಾತ್ರ ನಾವಾರೂ ವಿಚಾರಿಸಿದವರಲ್ಲ. ವಿಚಾರಿಸಿದವರು ಬೇರೆಡೆ ಇದ್ದಾರೆ, ನಮ್ಮ ನೆರೆಯಲ್ಲಿಯೂ ಇದ್ದಾರೆ. ಅವರ ವಿಚಾರಣೆಯ ಚರಿತ್ರೆಯನ್ನು ಈ ಸಂಚಿಕೆಯ ಓದುಗರ ಮುಂದಿಡಲು ಬಯಸುತ್ತೇವೆ.

ಕಥೆಯ ಮೂಲಕ ನೀತಿಯೆಂಬ ಮಾರ್ಗವು ಎಲ್ಲಕ್ಕಿಂತ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಜಗದೇಕಮಲ್ಲ ಜಯಸಿಂಹನ ಕಾಲದಲ್ಲಿ, ಅಂದರೆ ಹನ್ನೊಂದನೆಯ ಶತಮಾನದಲ್ಲಿ, ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಸೊಲ್ಲಾಪುರಕ್ಕೆ ಕಲ್ಯಾಣವೇನೂ ದೂರವಲ್ಲ. ಆ ಕೃತಿಯನ್ನು ನಮ್ಮ ನೆರೆಯ ಗ್ರಂಥವೆಂದು ಹೇಳಿಕೊಳ್ಳುವ ಹಕ್ಕು ನಮಗುಂಟು. ಆದರೆ ಪಂಚತಂತ್ರದಲ್ಲಿ ನೀತಿಯೆಂದರೆ ರಾಜನೀತಿ. ಸಿಂಹ, ಎತ್ತು, ನರಿಗಳ ಕಥೆಗಳು ದಡ್ಡರಾದ ರಾಜಕುಮಾರರಿಗೆ ಲೋಕದ ಕಪಟವನ್ನು ಕಲಿಸಲು ಹುಟ್ಟಿದವು. ಅವನ್ನು ಎಳೆಯ ಮಕ್ಕಳ ಪಾಠವಾಗಿಸಿ ಕೊನೆಗೊಂದು 'ಕಥೆಯ ನೀತಿ'ಯನ್ನು ಅಂಟಿಸಿದವರು ಬಹಳ ಈಚಿನವರು. ಈ ಅಂಟಿಸುವಿಕೆಯಲ್ಲಿ ಏನೋ ಒಂದು ತೊಡಕಿದೆ ಎಂಬ ಸಂದೇಹ ನಮಗೆ ಬಹುಕಾಲದಿಂದ ಇತ್ತು. ಅದೇ ಸಂದೇಹವನ್ನು ಹದಿನೆಂಟನೆಯ ಶತಮಾನದಲ್ಲಿಯೇ ಒಬ್ಬನು ಸ್ಪಷ್ಟವಾಗಿ ಬರೆದಿಟ್ಟಿದ್ದಾನೆಂದು ತಿಳಿದಾಗ ಸಂತೋಷವಾಯಿತು.

ಆತನು ರೂಸೋ. ಅವನಿಗಿಂತ ಮುಂಚೆ, 1693ರಲ್ಲಿ, ಇಂಗ್ಲೆಂಡಿನ ಜಾನ್ ಲಾಕ್ ಶಿಕ್ಷಣವನ್ನು ಕುರಿತು ಬರೆಯುತ್ತ, ಓದಲು ಕಲಿತ ಮಗುವಿನ ಕೈಗೆ ಈಸೋಪನ ಕಥೆಗಳನ್ನು, ಸಾಧ್ಯವಾದರೆ ಚಿತ್ರಗಳ ಸಮೇತ ಕೊಡಿರೆಂದು ಸಲಹೆ ಮಾಡಿದ್ದನು. 1762ರಲ್ಲಿ ಪ್ರಕಟವಾದ 'ಎಮಿಲ್' ಗ್ರಂಥದಲ್ಲಿ ರೂಸೋ ಈ ಸಲಹೆಯನ್ನು ತಲೆಕೆಳಗು ಮಾಡಿದನು. ಫ್ರಾನ್ಸಿನ ಮಕ್ಕಳೆಲ್ಲ ಬಾಯಿಪಾಠ ಮಾಡುತ್ತಿದ್ದ ಲಾ ಫೊಂತೇನನ ಕಾಗೆ ಮತ್ತು ನರಿಯ ಪದ್ಯವನ್ನು ತೆಗೆದುಕೊಂಡು ಸಾಲು ಸಾಲಾಗಿ ಪರೀಕ್ಷಿಸಿದನು. ಹೊಗಳಿಕೆಗೆ ಮರುಳಾಗಬೇಡವೆಂಬುದು ಪದ್ಯದ ನೀತಿ. ಆದರೆ ಅದನ್ನು ಕೇಳಿದ ಮಗು ಕಾಗೆಯನ್ನು ಕಂಡು ನಗುತ್ತದೆ, ನರಿಯನ್ನು ಮೆಚ್ಚುತ್ತದೆ. ಇರುವೆ ಮತ್ತು ಜೀರುಂಡೆಯ ಕಥೆಯಲ್ಲಿಯೂ ಹೀಗೆಯೇ. ಹಸಿದು ಬಂದವನಿಗೆ ಕೊಡದೆ ಇರುವುದನ್ನು, ಮೇಲಾಗಿ ಅವನನ್ನು ಹಂಗಿಸುವುದನ್ನು ಮಗು ಇರುವೆಯಿಂದ ಕಲಿಯುತ್ತದೆ. ದೊಡ್ಡವರು ಕಥೆಯಲ್ಲಿಟ್ಟ ನೀತಿಯೊಂದು, ಮಗು ಎತ್ತಿಕೊಳ್ಳುವ ನೀತಿ ಮತ್ತೊಂದು. ಲಾ ಫೊಂತೇನನು ತನ್ನ ಎರಡನೆಯ ಸಂಗ್ರಹಕ್ಕೆ ಭಾರತದ ಋಷಿ ಪಿಲ್‌ಪೇ ಎಂಬುವನಿಗೆ ಋಣಿಯೆಂದು ಹೇಳಿಕೊಂಡಿದ್ದಾನೆ. ಪಿಲ್‌ಪೇ ಎಂದರೆ ಅರಬ್ಬಿ ಭಾಷೆಯ ದಾರಿಯಾಗಿ ಯುರೋಪು ಸೇರಿದ ನಮ್ಮ ಪಂಚತಂತ್ರವೇ. ಹೀಗಾಗಿ ರೂಸೋ ಎತ್ತಿದ ಆಕ್ಷೇಪಣೆಯ ಒಂದು ಪಾಲು ನಮಗೂ ಸಲ್ಲಬೇಕು.

ರೂಸೋನ ಪರಿಹಾರವು ಆಕ್ಷೇಪಣೆಯಷ್ಟು ಗಟ್ಟಿಯಾಗಿಲ್ಲವೆಂಬುದು ನಮ್ಮ ಅಭಿಪ್ರಾಯ. ಮಗು ಕಿಟಕಿಯ ಗಾಜನ್ನು ಒಡೆದರೆ ಬೈಯಬೇಡಿ, ರಾತ್ರಿಯೆಲ್ಲ ಗಾಳಿ ಬೀಸಲಿ, ತಾನೇ ಕಲಿಯುತ್ತದೆ ಎಂದು ಅವನು ಬರೆದನು. ತನ್ನ ಮಕ್ಕಳನ್ನು ಅನಾಥಾಲಯಕ್ಕೆ ಒಪ್ಪಿಸಿದವನ ಮಾತೆಂದು ಇದನ್ನು ತಳ್ಳಿಹಾಕುವವರು ಉಂಟು. ಆದರೆ ಮಗುವಿನ ಕಣ್ಣಿನಿಂದ ನೋಡಿರಿ ಎಂದು ಕೂಗಿ ಹೇಳಿದ ಕೀರ್ತಿಯನ್ನು ಅವನಿಂದ ಕಿತ್ತುಕೊಳ್ಳಲಾಗದು.

ಮುಂದಿನ ಒಂದೂವರೆ ಶತಮಾನದಲ್ಲಿ ಶಾಲೆಗಳು ಬೆಳೆದವು, ನೀತಿಪಾಠಗಳೂ ಬೆಳೆದವು. 1902-03ರಲ್ಲಿ ಪ್ಯಾರಿಸಿನಲ್ಲಿ ಎಮಿಲ್ ದುರ್ಖೈಮ್ ನೀತಿಶಿಕ್ಷಣವನ್ನು ಕುರಿತು ನೀಡಿದ ಉಪನ್ಯಾಸಗಳು ಅವನ ಮರಣಾನಂತರ 1925ರಲ್ಲಿ ಗ್ರಂಥವಾದವು. ನೀತಿಯೆಂದರೆ ಸಮಾಜದ ವಾಣಿ. ಶಿಸ್ತಿನ ಮೂಲಕ ಅದನ್ನು ಮಗುವಿಗೆ ಮುಟ್ಟಿಸುವವನು ಶಿಕ್ಷಕ ಎಂಬುದು ಅಲ್ಲಿನ ಮುಖ್ಯ ವಾದ. ಹಾಗೆ ಮುಟ್ಟಿದ್ದು ನಿಜವಾಗಿಯೂ ಒಳಗಿಳಿಯುತ್ತದೆಯೇ? ಅಮೆರಿಕದಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಎಂಬಿಬ್ಬರು ಸಾವಿರಾರು ಮಕ್ಕಳನ್ನು ಪರೀಕ್ಷೆಗೊಡ್ಡಿ, ನಕಲು ಮಾಡುವ, ಸುಳ್ಳು ಹೇಳುವ, ಕದಿಯುವ ಅವಕಾಶಗಳನ್ನು ಒದಗಿಸಿ ನೋಡಿ, 1928ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದೆಡೆ ಪ್ರಾಮಾಣಿಕನಾಗಿದ್ದ ಮಗು ಇನ್ನೊಂದೆಡೆಯೂ ಹಾಗೆಯೇ ಇರುವುದೆಂಬ ಖಾತರಿ ಇರಲಿಲ್ಲ. ನೀತಿಯ ಪಾಠಗಳನ್ನು ವಿಶೇಷವಾಗಿ ಕೇಳಿದ ಮಕ್ಕಳು ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚು ಪ್ರಾಮಾಣಿಕರಾಗಿಯೂ ಕಾಣಲಿಲ್ಲ. ಕಂಠಪಾಠ ಸ್ಪರ್ಧೆಗಳನ್ನು ಏರ್ಪಡಿಸುವ ನಮ್ಮಂಥವರು ಈ ಫಲಿತಾಂಶವನ್ನು ಓದಿ ತುಸು ಹೊತ್ತು ಸುಮ್ಮನೆ ಕುಳಿತುಕೊಳ್ಳುವುದು ಒಳ್ಳೆಯದು.

ಈ ಕಥೆಯ ನಾಯಕನು ಇಲ್ಲಿ ಪ್ರವೇಶಿಸುತ್ತಾನೆ. ಡಿ.ಎಡ್. ಓದಿದ ಶಿಕ್ಷಕ ಬಂಧುಗಳಿಗೆ ಜೀನ್ ಪಿಯಾಜೆಯ ಹೆಸರು ಹೊಸದಲ್ಲ. ಪರೀಕ್ಷೆಗಾಗಿ ಹಂತಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದು ನೆನಪಿದ್ದೀತು. ಆ ಪಟ್ಟಿಯ ಹಿಂದಿದ್ದ ಮನುಷ್ಯ ಹೆಚ್ಚು ಸ್ವಾರಸ್ಯಕರ. 1896ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಷಾತೆಲ್ ಪಟ್ಟಣದಲ್ಲಿ ಜನಿಸಿದ ಈತನ ಮೊದಲ ಅಧ್ಯಯನವು ಮಕ್ಕಳದಲ್ಲ, ಬಸವನಹುಳು ಮುಂತಾದ ಮೃದ್ವಂಗಿಗಳದು. ಪ್ಯಾರಿಸಿನಲ್ಲಿ ಮಕ್ಕಳ ಬುದ್ಧಿಪರೀಕ್ಷೆಯ ಕೆಲಸಕ್ಕೆ ಸೇರಿದಾಗ ಇವನ ಗಮನವನ್ನು ಸೆಳೆದದ್ದು ಮಕ್ಕಳ ಸರಿ ಉತ್ತರಗಳಲ್ಲ, ತಪ್ಪು ಉತ್ತರಗಳು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಾರೆ. ಆದ್ದರಿಂದ ತಪ್ಪಿಗೂ ಒಂದು ತರ್ಕವಿದೆ ಎಂದು ಅವನಿಗೆ ಹೊಳೆಯಿತು. 1921ರಲ್ಲಿ ಜಿನೀವಾದ ಸಂಸ್ಥೆಯೊಂದು ಅವನನ್ನು ಕರೆಸಿಕೊಂಡಿತು. ಆ ಸಂಸ್ಥೆಯ ಹೆಸರು ರೂಸೋ ಸಂಸ್ಥೆ!

ಅಲ್ಲಿಂದ 1932ರಲ್ಲಿ ಹೊರಬಂದ 'ಮಗುವಿನ ನೈತಿಕ ತೀರ್ಮಾನ' ಎಂಬ ಗ್ರಂಥವು ದೇವರಿಂದಲಾಗಲಿ ಧರ್ಮಶಾಸ್ತ್ರದಿಂದಲಾಗಲಿ ಆರಂಭವಾಗುವುದಿಲ್ಲ, ಗೋಲಿಯಾಟದಿಂದ ಆರಂಭವಾಗುತ್ತದೆ. ನೀತಿಯೆಂಬುದು ನಿಯಮಗಳ ಒಂದು ವ್ಯವಸ್ಥೆಯಾದರೆ, ದೊಡ್ಡವರು ಕಲಿಸದೆ ಮಕ್ಕಳು ಮಕ್ಕಳಿಗೇ ದಾಟಿಸುವ ನಿಯಮಗಳನ್ನು ಮೊದಲು ನೋಡೋಣವೆಂದು ಪಿಯಾಜೆ ನಿಶ್ಚಯಿಸಿದನು. ಗೋಲಿಯಾಟದ ನಿಯಮಗಳನ್ನು ಯಾವ ಶಾಲೆಯೂ ಕಲಿಸುವುದಿಲ್ಲ, ಯಾವ ತಂದೆಯೂ ಹೇರುವುದಿಲ್ಲ. ನ್ಯೂಷಾತೆಲ್ ಮತ್ತು ಜಿನೀವಾದ ನಾಲ್ಕರಿಂದ ಹದಿಮೂರರವರೆಗಿನ ವಯಸ್ಸಿನ ಸುಮಾರು 20 ಹುಡುಗರನ್ನು ಅವನು ಈ ಆಟದ ಬಗ್ಗೆ ವಿಚಾರಿಸಿದನು. ವಿಚಾರಿಸಿದ ಬಗೆಯನ್ನು ಓದಿದರೆ ಮುಗುಳ್ನಗೆ ಬರುತ್ತದೆ. ಆ ಪಂಡಿತನು ಗೋಲಿಗಳನ್ನು ಮುಂದಿಟ್ಟು, ಚಿಕ್ಕಂದಿನಲ್ಲಿ ಆಡುತ್ತಿದ್ದೆ, ಈಗ ಮರೆತಿದ್ದೇನೆ, ನನಗೆ ಕಲಿಸು ಎಂದು ಕೇಳಿಕೊಳ್ಳುತ್ತಾನೆ; ಬೇಕೆಂದೇ ತಪ್ಪಾಗಿ ಆಡುತ್ತಾನೆ; ಹುಡುಗನು ತಿದ್ದುತ್ತಾನೆಯೇ ಎಂದು ನೋಡುತ್ತಾನೆ.

ಕಂಡದ್ದು ಹೀಗಿತ್ತು. ತೀರ ಎಳೆಯವರಿಗೆ ಗೋಲಿಯೆಂದರೆ ಉರುಳಿಸುವ ವಸ್ತು, ಅಷ್ಟೆ. ನಾಲ್ಕೈದರ ಮಕ್ಕಳು ದೊಡ್ಡವರ ಆಟವನ್ನು ಅನುಕರಿಸಿ ಜೊತೆಯಾಗಿ ಆಡುತ್ತಾರೆ, ಆದರೆ ಪ್ರತಿಯೊಬ್ಬನದೂ ಅವನವನ ಆಟ; ಎಲ್ಲರೂ ಗೆದ್ದೆವೆಂದು ಸಂತೋಷದಿಂದ ಮನೆಗೆ ಹೋಗುತ್ತಾರೆ. ಏಳೆಂಟರ ಹೊತ್ತಿಗೆ ಗೆಲ್ಲುವ ಆಸೆಯೊಡನೆ ಒಂದೇ ನಿಯಮಕ್ಕೆ ಒಳಪಡುವ ಅಗತ್ಯವೂ ಬರುತ್ತದೆ. ಹನ್ನೊಂದು ಹನ್ನೆರಡಕ್ಕೆ ಹುಡುಗರು ಪುಟ್ಟ ವಕೀಲರಾಗುತ್ತಾರೆ. ಆಡುವುದಕ್ಕಿಂತ ನಿಯಮಗಳ ಚರ್ಚೆಯೇ ಹೆಚ್ಚು. ಆದರೆ ಪಿಯಾಜೆಯ ನಿಜವಾದ ಬೇಟೆ ಇನ್ನೊಂದು ಪ್ರಶ್ನೆಯಲ್ಲಿತ್ತು: ಈ ನಿಯಮ ಎಲ್ಲಿಂದ ಬಂತು, ಇದನ್ನು ಬದಲಾಯಿಸಬಹುದೇ? ಎಳೆಯರು, ತಾವೇ ನಿಯಮವನ್ನು ಸರಿಯಾಗಿ ಪಾಲಿಸದವರು, ಬದಲಾಯಿಸಲು ಸರ್ವಥಾ ಆಗದೆಂದರು. ಅದು ತಂದೆಯಿಂದ ಬಂದದ್ದು, ಊರಿನ ಹಿರಿಯರು ಮಾಡಿದ್ದು, ಅನಾದಿಯಾದದ್ದು. ಹತ್ತು ಹನ್ನೊಂದು ವರ್ಷದವರು, ತಾವು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವವರು, ಎಲ್ಲರೂ ಒಪ್ಪಿದರೆ ಧಾರಾಳವಾಗಿ ಬದಲಾಯಿಸಬಹುದೆಂದರು. ನಿಯಮವನ್ನು ಪವಿತ್ರವೆಂದು ನಂಬಿದವರು ಅದನ್ನು ಮುರಿಯುತ್ತಿದ್ದರು. ಅದು ತಮ್ಮದೇ ಒಪ್ಪಂದವೆಂದು ತಿಳಿದವರು ಪಾಲಿಸುತ್ತಿದ್ದರು. ನಮ್ಮ ಸ್ಪರ್ಧೆಯ ಬಾಲಕನ "ಗುರೂಜಿಗೆ ಗೊತ್ತೈತ್ರಿ" ಎಂಬ ಉತ್ತರದ ಬೆಲೆ ನಮಗೆ ಗೊತ್ತಾದದ್ದು ಈ ಪುಟಗಳನ್ನು ಓದಿದಾಗ. ಅವನು ಉದ್ಧಟನಾಗಿರಲಿಲ್ಲ; ತನ್ನ ವಯಸ್ಸಿನ ಸತ್ಯವನ್ನೇ ನುಡಿದಿದ್ದನು. ನೀತಿಯು ಅವನ ಪಾಲಿಗೆ ಇನ್ನೂ ಗುರೂಜಿಯ ಮನೆಯಲ್ಲಿತ್ತು.

ಆಟದಿಂದ ಪಿಯಾಜೆ ಕಥೆಗಳಿಗೆ ಹೋದನು. ಆದರೆ ನೀತಿ ಹೇಳುವ ಕಥೆಗಳಿಗಲ್ಲ, ನೀತಿ ಕೇಳುವ ಕಥೆಗಳಿಗೆ. ಊಟಕ್ಕೆ ಕರೆದರೆಂದು ಒಬ್ಬ ಹುಡುಗ ಬಾಗಿಲು ತಳ್ಳುತ್ತಾನೆ. ಬಾಗಿಲ ಹಿಂದೆ ತಟ್ಟೆಯಲ್ಲಿದ್ದ 15 ಕಪ್ಪುಗಳು ಬಿದ್ದು ಒಡೆಯುತ್ತವೆ. ಇನ್ನೊಬ್ಬನು ತಾಯಿ ಇಲ್ಲದಾಗ ಕಪಾಟಿನ ಜಾಮನ್ನು ಕದಿಯಲು ಕೈಚಾಚಿ ಒಂದು ಕಪ್ಪನ್ನು ಒಡೆಯುತ್ತಾನೆ. ಯಾರ ತಪ್ಪು ದೊಡ್ಡದು? ಎಳೆಯರಲ್ಲಿ ಹಲವರು 15 ಒಡೆದವನದೆಂದರು, ಬೆಳೆದವರು ಕದಿಯಹೋದವನದೆಂದರು. ಸುಳ್ಳಿನ ವಿಷಯದಲ್ಲಿ ಇನ್ನೂ ಸೋಜಿಗ. ನಾಯಿಯೊಂದಕ್ಕೆ ಹೆದರಿ ಓಡಿಬಂದ ಮಗು, ಆಕಳಷ್ಟು ದೊಡ್ಡ ನಾಯಿ ಕಂಡೆ ಎನ್ನುತ್ತದೆ. ಇನ್ನೊಂದು ಮಗು, ಶಾಲೆಯಲ್ಲಿ ಒಳ್ಳೆಯ ಅಂಕ ಬಂತೆಂದು ತಾಯಿಗೆ ಹುಸಿ ನುಡಿದು ಬಹುಮಾನ ಪಡೆಯುತ್ತದೆ. ಎಳೆಯ ಮಕ್ಕಳಿಗೆ ಮೊದಲನೆಯದೇ ಘೋರವಾದ ಸುಳ್ಳು, ಏಕೆಂದರೆ ಅಷ್ಟು ದೊಡ್ಡ ನಾಯಿ ಇರುವುದೇ ಇಲ್ಲ. ವಂಚಿಸುವ ಉದ್ದೇಶವಲ್ಲ, ಸತ್ಯದಿಂದ ಸುಳ್ಳು ಎಷ್ಟು ದೂರ ಸರಿದಿದೆ ಎಂಬುದೇ ಅವರ ಅಳತೆಗೋಲು. ಹಣ್ಣು ಕದ್ದು ಓಡುವವನ ಕಾಲಡಿಯಲ್ಲಿ ಶಿಥಿಲವಾದ ಸೇತುವೆ ಮುರಿದರೆ, ಕದ್ದದ್ದಕ್ಕೇ ಮುರಿಯಿತೆಂದು ಅವರು ನಂಬುತ್ತಾರೆ. ಈ ಕೊನೆಯ ನಂಬಿಕೆಯನ್ನು ಬಾಲ್ಯದ ಲಕ್ಷಣವೆಂದು ಪಿಯಾಜೆ ಬರೆದಿದ್ದಾನೆ. ನಮ್ಮ ಓಣಿಯ ಹಿರಿಯರ ಕಟ್ಟೆಯಲ್ಲಿ ಒಂದು ಸಂಜೆ ಕುಳಿತಿದ್ದರೆ ವಯಸ್ಸಿನ ಮಿತಿಯನ್ನು ಸ್ವಲ್ಪ ಸಡಿಲಿಸುತ್ತಿದ್ದನೇನೋ.

ಮಗುವು ಎರಡು ನೀತಿಗಳಲ್ಲಿ ಬಾಳುತ್ತದೆಂಬುದು ಅವನ ನಿರ್ಣಯ. ಹಿರಿಯರಿಗೆ ಭಯಭಕ್ತಿಯಿಂದ ನಡೆದುಕೊಳ್ಳುವ ಪರಾಧೀನ ನೀತಿ ಮೊದಲನೆಯದು. ಸಮಾನರೊಡನೆ ಕೊಟ್ಟು ತೆಗೆದುಕೊಂಡು, ಜಗಳಾಡಿ, ರಾಜಿಯಾಗಿ ಸಂಪಾದಿಸುವ ಸ್ವಾಧೀನ ನೀತಿ ಎರಡನೆಯದು. ಎರಡನೆಯದು ಉಪದೇಶದಿಂದ ಬರುವುದಿಲ್ಲ, ಅಂಗಳದಲ್ಲಿ ಬರುತ್ತದೆ. ದುರ್ಖೈಮನ ಶಿಕ್ಷಕಕೇಂದ್ರಿತ ನೀತಿಗೆ ಇದು ನೇರವಾದ ಉತ್ತರವಾಗಿತ್ತು. ಪುಸ್ತಕ ಪ್ರಕಟವಾದ ವರ್ಷವನ್ನೂ ಮರೆಯಬಾರದು. 1932ರಲ್ಲಿ ಜಿನೀವಾದ ಆಚೀಚೆಯ ದೇಶಗಳಲ್ಲಿ ಆಜ್ಞಾಧಾರಕತೆಯನ್ನೇ ಪರಮ ನೀತಿಯಾಗಿ ಮಕ್ಕಳಿಗೆ ಕಲಿಸುವ ಸಮವಸ್ತ್ರದ ದಳಗಳು ಬೆಳೆಯುತ್ತಿದ್ದವು.

ಅದೇ ಕಾಲಕ್ಕೆ ನಮ್ಮ ಪಶ್ಚಿಮ ಭಾರತದಲ್ಲಿ ಏನು ನಡೆದಿತ್ತು? ಪಿಯಾಜೆಯ ಹೆಸರನ್ನು ಕೇಳದವರು ಇದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೈಗೆತ್ತಿಕೊಂಡಿದ್ದರು. ಗುಜರಾತಿನ ಭಾವನಗರದಲ್ಲಿ ವಕೀಲಿ ವೃತ್ತಿಯನ್ನು ಬಿಟ್ಟ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರವನ್ನು ಆರಂಭಿಸಿ, ಬೆತ್ತವನ್ನೂ ಬಹುಮಾನವನ್ನೂ ಒಟ್ಟಿಗೆ ಹೊರಗಿಟ್ಟರು. 'ದಿವಾಸ್ವಪ್ನ' ಎಂಬ ಅವರ ಪುಸ್ತಕದ ಶಿಕ್ಷಕನು ಕಥೆ ಹೇಳುತ್ತಾನೆ, ಆಟ ಆಡಿಸುತ್ತಾನೆ. ಬಹುಮಾನವನ್ನು ಹೊರಗಿಟ್ಟದ್ದು ನಮಗೆ ನುಂಗಲು ಕಷ್ಟವಾದ ಸಂಗತಿ. ನಮ್ಮ ಸಂಘದ ಖರ್ಚಿನ ಪಟ್ಟಿಯಲ್ಲಿ ಸ್ಟೀಲಿನ ತಟ್ಟೆ ಲೋಟಗಳ ಬಾಬತ್ತು ಪ್ರತಿವರ್ಷವೂ ಇದೆ.

ಇನ್ನೊಬ್ಬರು ನಮಗೆ ತೀರ ಹತ್ತಿರದವರು. ಅಮಳನೇರದ ಶಾಲೆಯಲ್ಲಿ ಶಿಕ್ಷಕರಾಗಿದ್ದು, ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಸೇರಿದ ಸಾನೆ ಗುರೂಜಿ 1933ರಲ್ಲಿ ನಾಸಿಕದ ಜೈಲಿನಲ್ಲಿ 'ಶ್ಯಾಮಚೀ ಆಯಿ' ಬರೆದರು. ಅದು 1935ರಲ್ಲಿ ಪ್ರಕಟವಾಯಿತು. ಮರಾಠಿ ನೆರೆಯಲ್ಲಿ ಬೆಳೆದ ನಮ್ಮ ಕನ್ನಡ ಮನೆಗಳಲ್ಲಿಯೂ ಆ ಪುಸ್ತಕಕ್ಕೆ ಒಂದು ಸ್ಥಾನವಿದೆ. ಶ್ಯಾಮನೆಂಬಾತ ರಾತ್ರಿ ರಾತ್ರಿ ಕುಳಿತು ತನ್ನ ತಾಯಿಯ ನೆನಪುಗಳನ್ನು ಹೇಳುವ ಕಥನವದು. ಸ್ನಾನವಾದ ಮೇಲೆ ಅಂಗಾಲಿಗೆ ಮಣ್ಣು ಹತ್ತೀತೆಂದು ಹಟಮಾಡುವ ಮಗನಿಗೆ ತಾಯಿ ಸೆರಗನ್ನು ಹಾಸಿ, ಅಂಗಾಲನ್ನು ಕಾಯುವಂತೆ ಮನಸ್ಸನ್ನೂ ಕೊಳೆಯಾಗದಂತೆ ಕಾಯಿ ಎನ್ನುವ ಪ್ರಸಂಗವನ್ನು ಅರಿಯದ ಮರಾಠಿ ಮನೆಯಿಲ್ಲ. ಜಿನೀವಾದ ಪಂಡಿತನು ನೀತಿಯ ಹುಟ್ಟನ್ನು ಗೆಳೆಯರ ನಡುವೆ ಕಂಡರೆ, ಸಾನೆ ಗುರೂಜಿ ತಾಯಿಯ ಮಡಿಲಲ್ಲಿ ಕಂಡರು. ಒಂದೇ ವರ್ಷದ ಅಂತರದಲ್ಲಿ ಹುಟ್ಟಿದ ಈ ಎರಡು ಪುಸ್ತಕಗಳನ್ನು ಜೊತೆಗಿಟ್ಟು ಓದುವವರು ಕಡಿಮೆ. ಓದಿದರೆ, ಪಿಯಾಜೆ ಬಿಟ್ಟದ್ದೇನೆಂಬುದು ಕಣ್ಣಿಗೆ ಬೀಳುತ್ತದೆ. ಅವನ ಪುಸ್ತಕದಲ್ಲಿ ದೊಡ್ಡವರೆಂದರೆ ಬಹುಮಟ್ಟಿಗೆ ಆಜ್ಞೆ ಮಾಡುವವರು. ಮಗುವಿನ ಮುಂದೆ ತಾವೇ ಬಾಗಿ ಸೆರಗು ಹಾಸುವವರು ಅಲ್ಲಿ ವಿರಳ.

ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ. ಸೌದೆಯ ಹೊರೆಯನ್ನು ಎತ್ತಲಾರದೆ ಕುಳಿತ ಮಹಾರ ಜಾತಿಯ ಮುದುಕಿಗೆ ಕೈಕೊಡೆಂದು ತಾಯಿ ಮಗನನ್ನು ಕಳುಹಿಸುತ್ತಾಳೆ. ಮರಳಿ ಬಂದು ಸ್ನಾನ ಮಾಡೆಂದೂ ಹೇಳುತ್ತಾಳೆ. ಒಂದೇ ಉಸಿರಿನಲ್ಲಿ ಕರುಣೆಯೂ ಕಟ್ಟಳೆಯೂ. ಮಗುವಾಗಿ ಆ ಎರಡನ್ನೂ ಸ್ವೀಕರಿಸಿದವನು ಬೆಳೆದ ಮೇಲೆ ಯಾವುದನ್ನು ಉಳಿಸಿಕೊಂಡನೆಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 1947ರ ಮೇ ತಿಂಗಳಿನಲ್ಲಿ ಸಾನೆ ಗುರೂಜಿ ಪಂಢರಪುರದಲ್ಲಿ ಉಪವಾಸ ಕುಳಿತರು. ವಿಠ್ಠಲನ ಗುಡಿಯ ಬಾಗಿಲನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆಯಬೇಕೆಂಬುದು ಅವರ ಹಟವಾಗಿತ್ತು. ತಾಯಿಯ ಎರಡು ಮಾತುಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರು. ಪಡೆದುಕೊಂಡ ನೀತಿಯನ್ನು ಹೀಗೆ ತಾನೇ ತೂಗಿನೋಡುವ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದೇ ಪಿಯಾಜೆಯ ನಂತರದ ವಿದ್ವಾಂಸರ ಪ್ರಶ್ನೆಯಾಯಿತು.

ಅವರಲ್ಲಿ ಲಾರೆನ್ಸ್ ಕೋಲ್ಬರ್ಗನು ಪ್ರಮುಖ. ಎರಡನೆಯ ಮಹಾಯುದ್ಧದ ನಂತರ ಯಹೂದಿ ನಿರಾಶ್ರಿತರನ್ನು ಬ್ರಿಟಿಷರ ದಿಗ್ಬಂಧನವನ್ನು ಮೀರಿ ಪ್ಯಾಲೆಸ್ಟೈನಿಗೆ ಸಾಗಿಸುವ ಹಡಗಿನಲ್ಲಿ ಈತ ಕೆಲಸ ಮಾಡಿದ್ದನು. ಕಾನೂನನ್ನು ಮುರಿಯುವುದು ಎಂದಾದರೂ ಸರಿಯಾದೀತೇ ಎಂಬುದು ಅವನಿಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಶಿಕಾಗೋ ವಿಶ್ವವಿದ್ಯಾಲಯಕ್ಕೆ 1958ರಲ್ಲಿ ಸಲ್ಲಿಸಿದ ಮಹಾಪ್ರಬಂಧಕ್ಕಾಗಿ ಹತ್ತರಿಂದ ಹದಿನಾರರ ವಯಸ್ಸಿನ 72 ಹುಡುಗರಿಗೆ ಅವನು ಧರ್ಮಸಂಕಟಗಳನ್ನು ಒಡ್ಡಿದನು. ಸಾಯುತ್ತಿರುವ ಹೆಂಡತಿಗಾಗಿ, ದುರ್ಲಾಭಕ್ಕೆ ಮಾರುವ ಅಂಗಡಿಯವನಿಂದ ಔಷಧವನ್ನು ಕದ್ದ ಹೈನ್ಜ್ ಎಂಬಾತನ ಕಥೆ ಅವುಗಳಲ್ಲಿ ಪ್ರಸಿದ್ಧ. ಕದಿಯಬೇಕೋ ಬೇಡವೋ ಎಂಬ ಉತ್ತರ ಅವನಿಗೆ ಮುಖ್ಯವಾಗಿರಲಿಲ್ಲ. ಏಕೆ ಎಂಬುದಕ್ಕೆ ಕೊಡುವ ಕಾರಣ ಮುಖ್ಯವಾಗಿತ್ತು. ಶಿಕ್ಷೆಯ ಭಯದಿಂದ ಹಿಡಿದು ಸಾರ್ವತ್ರಿಕ ನ್ಯಾಯತತ್ತ್ವದವರೆಗೆ ಆರು ಮೆಟ್ಟಿಲುಗಳನ್ನು ಅವನು ಕಟ್ಟಿದನು.

ಮೆಟ್ಟಿಲು ಕಟ್ಟಿದೊಡನೆ ಮೇಲಿನವರಾರು, ಕೆಳಗಿನವರಾರು ಎಂಬ ತಕರಾರು ಏಳುವುದು ಸಹಜ. ಹುಡುಗರನ್ನಷ್ಟೇ ಕೇಳಿ ಮಾನವಜಾತಿಯ ನೀತಿಯನ್ನು ಅಳೆದದ್ದು ಹೇಗೆ ಎಂದು ಕ್ಯಾರೊಲ್ ಗಿಲಿಗನ್ 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೇಳಿದರು. ಹಕ್ಕು ಮತ್ತು ನ್ಯಾಯದ ದನಿಯಂತೆ ಆರೈಕೆ ಮತ್ತು ಸಂಬಂಧದ ದನಿಯೂ ಒಂದಿದೆ, ಅದನ್ನು ಕೆಳಗಿನ ಮೆಟ್ಟಿಲೆಂದು ಎಣಿಸಿದ್ದು ಸರಿಯಲ್ಲವೆಂಬುದು ಅವರ ವಾದ. ಪಿಯಾಜೆಯೂ ಈ ಆಪಾದನೆಯಿಂದ ಪಾರಾಗಲಾರನು. ಹುಡುಗಿಯರ ಕಣ್ಣುಮುಚ್ಚಾಲೆಯನ್ನು ಅವನು ನೋಡಿದ್ದರೂ, ಅವರಿಗೆ ನಿಯಮಶಾಸ್ತ್ರದಲ್ಲಿ ಹುಡುಗರಷ್ಟು ಆಸಕ್ತಿಯಿಲ್ಲವೆಂದು ಹೇಳಿ ಬೇಗನೆ ಮುಂದೆ ಹೋಗಿಬಿಟ್ಟನು. ಕಪ್ಪುಗಳ ಕಥೆಯಲ್ಲಿಯೂ ದೋಷ ಕಂಡಿತು: ಒಬ್ಬನ ನಷ್ಟ ದೊಡ್ಡದು, ಇನ್ನೊಬ್ಬನ ಉದ್ದೇಶ ಕೆಟ್ಟದು, ಎರಡನ್ನೂ ಒಟ್ಟಿಗೆ ಕಲಸಿ ಕೇಳಿದರೆ ಎಳೆಯ ಮಗು ಕಣ್ಣಿಗೆ ಕಾಣುವುದನ್ನು ಹಿಡಿಯುತ್ತದೆ. 1980ರಲ್ಲಿ ಪ್ರಕಟವಾದ ಅಧ್ಯಯನವೊಂದು ಉದ್ದೇಶವನ್ನು ಚಿತ್ರದಲ್ಲಿ ಸ್ಪಷ್ಟವಾಗಿ ತೋರಿಸಿದಾಗ ಮೂರು ವರ್ಷದ ಮಕ್ಕಳೂ ಅದನ್ನು ಗಮನಕ್ಕೆ ತಂದುಕೊಂಡರು.

ಇಲ್ಲಿಂದ ಮುಂದಿನ ಅಧ್ಯಾಯ ಭಾರತಕ್ಕೆ ಬರುತ್ತದೆ. ಎಲಿಯಟ್ ಟುರಿಯೆಲ್ ಎಂಬ ವಿದ್ವಾಂಸನು, ಎಳೆಯ ಮಕ್ಕಳೂ ನೀತಿಯನ್ನೂ ರೂಢಿಯನ್ನೂ ಬೇರೆಬೇರೆಯಾಗಿ ಅರಿಯುತ್ತಾರೆಂದು ತೋರಿಸಿದ್ದನು. ಸಮವಸ್ತ್ರ ಹಾಕದೆ ಬರಬಹುದೆಂದು ಶಿಕ್ಷಕರೇ ಹೇಳಿದರೆ ತಪ್ಪಿಲ್ಲ. ಇನ್ನೊಬ್ಬನನ್ನು ಹೊಡೆಯಬಹುದೆಂದು ಶಿಕ್ಷಕರು ಹೇಳಿದರೂ ಅದು ತಪ್ಪೇ. ಮಕ್ಕಳು ಇಷ್ಟನ್ನು ಶಾಲೆಗೆ ಸೇರುವ ಮೊದಲೇ ಬಲ್ಲರು. ಒಡಿಶಾದ ಭುವನೇಶ್ವರದಲ್ಲಿ ಮಕ್ಕಳನ್ನೂ ದೊಡ್ಡವರನ್ನೂ ವಿಚಾರಿಸಿದ ರಿಚರ್ಡ್ ಶ್ವೇಡರ್, ಮನಮೋಹನ ಮಹಾಪಾತ್ರ ಮತ್ತು ಜೋನ್ ಮಿಲ್ಲರ್ 1987ರಲ್ಲಿ ಬೇರೊಂದು ಚಿತ್ರವನ್ನು ಕೊಟ್ಟರು. ಅವರು ಮುಂದಿಟ್ಟ 39 ಪ್ರಸಂಗಗಳಲ್ಲಿ ಅಲ್ಲಿನವರಿಗೆ ಅತಿ ಘೋರವೆನಿಸಿದ್ದು, ತಂದೆ ತೀರಿದ ಮರುದಿನ ಹಿರಿಯ ಮಗನು ಕ್ಷೌರ ಮಾಡಿಸಿಕೊಂಡು ಕೋಳಿ ತಿಂದದ್ದು. ಶಿಕಾಗೋದವರಿಗೆ ಅದು ಅವನ ಸ್ವಂತ ವಿಷಯ. ಹಾಗಾದರೆ ರೂಢಿ ಮತ್ತು ನೀತಿಯ ಗೆರೆ ಎಲ್ಲ ಕಡೆ ಒಂದೇ ಅಲ್ಲವೆಂದು ಶ್ವೇಡರ್ ವಾದಿಸಿದರು. ಟುರಿಯೆಲ್ ಒಪ್ಪಲಿಲ್ಲ. ಆ ಮಗನ ನಡತೆಯಿಂದ ತಂದೆಯ ಆತ್ಮಕ್ಕೆ ನೋವಾಗುತ್ತದೆಂದು ನಂಬುವವರ ಪಾಲಿಗೆ ಅದು ರೂಢಿಯ ಉಲ್ಲಂಘನೆಯಲ್ಲ, ಇನ್ನೊಬ್ಬರಿಗೆ ಮಾಡಿದ ಕೇಡು. ನಂಬಿಕೆ ಬೇರೆಯಾಗಿದೆ, ನೀತಿ ಬೇರೆಯಾಗಿಲ್ಲ ಎಂಬುದು ಅವನ ಉತ್ತರ. ಈ ವಾದದಲ್ಲಿ ನಮ್ಮ ಒಲವು ಟುರಿಯೆಲನ ಕಡೆಗೆ. ಆದರೂ, ನೀತಿಯನ್ನು ಕೇಳುವವನು ಮೊದಲು ಆ ಮನೆಯೊಳಗೆ ಕುಳಿತು ಕೇಳಬೇಕೆಂಬ ಶ್ವೇಡರರ ಹಟವಿಲ್ಲದಿದ್ದರೆ ಈ ಉತ್ತರವೂ ಹುಟ್ಟುತ್ತಿರಲಿಲ್ಲ.

ಜೋನ್ ಮಿಲ್ಲರ್ ಮುಂದೆ ಬಂದದ್ದು ಕನ್ನಡದ ಮೈಸೂರಿಗೆ. ಡೇವಿಡ್ ಬೆರ್ಸಾಫ್ ಮೊದಲಾದವರೊಡನೆ ಅವರು 1990 ಮತ್ತು 1992ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಮೈಸೂರಿನ ಶಾಲಾ ಮಕ್ಕಳನ್ನೂ ಕಾಲೇಜು ವಿದ್ಯಾರ್ಥಿಗಳನ್ನೂ ಅಮೆರಿಕದ ನ್ಯೂ ಹೇವನ್ ನಗರದವರೊಡನೆ ಹೋಲಿಸಿದರು. ಒಂದು ಪ್ರಸಂಗ ಹೀಗಿದೆ. ಗೆಳೆಯನ ಮದುವೆಗೆ ಉಂಗುರಗಳನ್ನು ತಲುಪಿಸಬೇಕಾದವನೊಬ್ಬ ದಾರಿಯಲ್ಲಿ ಹಣ ಕಳೆದುಕೊಂಡಿದ್ದಾನೆ; ಪಕ್ಕದಲ್ಲಿ ಬೇರೊಬ್ಬನ ಕೋಟಿನ ಜೇಬಿನಲ್ಲಿ ರೈಲು ಟಿಕೆಟು ಕಾಣುತ್ತಿದೆ. ಅಮೆರಿಕದವರಲ್ಲಿ ಹೆಚ್ಚಿನವರು ಕದಿಯಬಾರದೆಂದರು. ಮೈಸೂರಿನವರಲ್ಲಿ ಬಹುಮಂದಿ ಗೆಳೆಯನಿಗೆ ಕೊಟ್ಟ ಮಾತೇ ದೊಡ್ಡದೆಂದರು. ನೆರವಾಗುವುದು ಅವರಿಗೆ ಇಷ್ಟವಿದ್ದರೆ ಮಾಡುವ ಒಳ್ಳೆಯ ಕೆಲಸವಲ್ಲ, ಮಾಡಲೇಬೇಕಾದ ಕರ್ತವ್ಯ. (ಸೊಲ್ಲಾಪುರದ ನಿಲ್ದಾಣದಲ್ಲಿ ಇದೇ ಪ್ರಶ್ನೆ ಕೇಳಿದರೆ, ಜನರಲ್ ಡಬ್ಬಿಗೆ ಟಿಕೆಟೇಕೆ ಎಂದು ಕೇಳುವ ಮೂರನೆಯ ಪಂಥವೂ ಸಿಗಬಹುದೆಂದು ಮಿತ್ರರೊಬ್ಬರು ನುಡಿದರು.) ಕೋಲ್ಬರ್ಗನ ಮೆಟ್ಟಿಲುಗಳಲ್ಲಿ ಈ ಉತ್ತರಕ್ಕೆ ಎತ್ತರದ ಸ್ಥಾನ ಸಿಗದು. ನಮಗೆ ಅದು ಕೆಳಗಿನದೆಂದು ತೋರುವುದಿಲ್ಲ.

ಕೊಟ್ಟ ಮಾತಿನ ಪ್ರಸ್ತಾಪ ಬಂದಾಗ ನಮ್ಮೂರಿನ ಬಾಲಕನೊಬ್ಬನನ್ನು ನೆನೆಯದಿರಲು ಸಾಧ್ಯವಿಲ್ಲ. ರಾಘವಾಂಕನು ಸಿದ್ಧರಾಮನ ಚರಿತ್ರೆಯಲ್ಲಿ ಹೇಳುವ ಕಥೆಯದು. ಪ್ರತಿವರ್ಷ ಸಂಕ್ರಮಣದ ಗಡ್ಡೆಯ ಜಾತ್ರೆಯಲ್ಲಿ ನಂದಿಕೋಲುಗಳ ಹಿಂದೆ ನಡೆಯುವ ಪ್ರತಿ ಮನೆಯೂ ಬಲ್ಲ ಕಥೆ. ಮಾತು ಕಡಿಮೆಯಾದ, ದಡ್ಡನೆನಿಸಿಕೊಂಡ ಹುಡುಗನು ಹೊಲದಲ್ಲಿರುವಾಗ ಜಂಗಮನೊಬ್ಬನು ಬರುತ್ತಾನೆ. ಹುಡುಗನು ಇದ್ದದ್ದನ್ನು ಕೊಡುತ್ತಾನೆ. ಹೊಟ್ಟೆಗೆ ತಂಪಾದುದು ಬೇಕೆಂದಾಗ ತರುತ್ತೇನೆಂದು ಮಾತುಕೊಟ್ಟು ಮನೆಗೆ ಓಡುತ್ತಾನೆ. ತಂದು ನೋಡಿದರೆ ಜಂಗಮನಿಲ್ಲ. ಅಳುತ್ತ, ಮಲ್ಲಯ್ಯಾ ಎಂದು ಕೂಗುತ್ತ ಶ್ರೀಶೈಲದವರೆಗೆ ಹೋಗುತ್ತಾನೆ. ಭಕ್ತಿಯ ಕಥೆಯಾಗಿ ಇದನ್ನು ನೂರು ಸಲ ಕೇಳಿದ್ದೇವೆ. ಮಗುವಿನ ಕಥೆಯಾಗಿ ಓದಿದಾಗ ಬೇರೊಂದು ಕಾಣುತ್ತದೆ: ಅಲ್ಲಿ ಆಜ್ಞಾಪಿಸಿದ ಗುರುವಿಲ್ಲ, ಶಿಕ್ಷೆಯ ಭಯವಿಲ್ಲ, ನೋಡುವವರೂ ಇಲ್ಲ. ಹಸಿದವನೊಬ್ಬ, ಕೊಟ್ಟ ಮಾತೊಂದು. ಮುಂದೆ ಊರಿಗೆ ಕೆರೆ ಕಟ್ಟಿಸಿದವನ ನೀತಿಯು ಇಲ್ಲಿ ಹೊಲದ ಬದುವಿನಲ್ಲಿಯೇ ಮೊಳೆತಿದೆ.

ಈಚಿನ ಅಧ್ಯಯನಗಳು ಇನ್ನೂ ಎಳೆಯರತ್ತ ಹೋಗಿವೆ. ಕೈತುಂಬ ವಸ್ತುಗಳನ್ನು ಹಿಡಿದವನು ಕಪಾಟಿನ ಬಾಗಿಲನ್ನು ತೆರೆಯಲಾರದೆ ಪರದಾಡುವಾಗ ಹದಿನೆಂಟು ತಿಂಗಳ ಕೂಸು ತಾನಾಗಿ ಎದ್ದುಹೋಗಿ ತೆರೆಯುತ್ತದೆಂದು ವಾರ್ನೆಕೆನ್ ಮತ್ತು ಟೊಮಾಸೆಲ್ಲೊ 2006ರಲ್ಲಿ ತೋರಿಸಿದರು. ಮರುವರ್ಷ ಯೇಲ್ ವಿಶ್ವವಿದ್ಯಾಲಯದವರು, ಇನ್ನೂ ಮಾತು ಬಾರದ ಹಸುಗೂಸುಗಳು ಸಹಾಯ ಮಾಡಿದ ಗೊಂಬೆಯನ್ನೇ ಆರಿಸಿಕೊಳ್ಳುತ್ತವೆಂದು ಪ್ರಕಟಿಸಿದಾಗ ಲೋಕವೇ ಬೆರಗಾಯಿತು. ಹಲವು ದೇಶಗಳ ಪ್ರಯೋಗಾಲಯಗಳು ಒಟ್ಟಾಗಿ ಆ ಗೊಂಬೆ ಪ್ರಯೋಗವನ್ನು ದೊಡ್ಡ ಪ್ರಮಾಣದಲ್ಲಿ ಪುನಃ ನಡೆಸಿದಾಗ ಅಂಥ ಒಲವು ಕಾಣಲಿಲ್ಲ. ಹುಟ್ಟಿನಿಂದಲೇ ಸಾತ್ವಿಕರೆಂದು ಕೂಸುಗಳಿಗೆ ಪ್ರಶಸ್ತಿಪತ್ರ ಕೊಡಲು ಇನ್ನೂ ಕಾಯಬೇಕು.

ಕಳೆದ ತಿಂಗಳು ನಮ್ಮ ಸಂಘದ ಸ್ಪರ್ಧೆ ಮತ್ತೆ ನಡೆಯಿತು. ಕಂಠಪಾಠವನ್ನು ಕೈಬಿಡಲು ಸಮಿತಿ ಒಪ್ಪಲಿಲ್ಲ. ಒಪ್ಪಬೇಕೆಂದು ನಾವೂ ಒತ್ತಾಯಿಸಲಿಲ್ಲ. ವಚನವು ಇಂದು ಅರ್ಥವಾಗದಿದ್ದರೂ ನಾಲಗೆಯ ಮೇಲೆ ಉಳಿದರೆ ಇಪ್ಪತ್ತು ವರ್ಷಗಳ ನಂತರ ಒಂದು ದಿನ ಅರ್ಥವಾದೀತು. ಗಡಿಯಲ್ಲಿರುವವರಿಗೆ ಅದೂ ಒಂದು ಉಳಿತಾಯವೇ. ಆದರೆ ಸ್ಪರ್ಧೆಯ ನಂತರ ಅರ್ಧ ಗಂಟೆ ಬೇಡಿ ಪಡೆದೆವು. ಹತ್ತು ಹನ್ನೆರಡು ಮಕ್ಕಳನ್ನು ವರಾಂಡದಲ್ಲಿ ಕೂರಿಸಿಕೊಂಡು, ಜಿನೀವಾದ ಕಪ್ಪುಗಳನ್ನು ಚಹಾದ ಗಾಜಿನ ಗ್ಲಾಸುಗಳನ್ನಾಗಿಯೂ ಜಾಮನ್ನು ಶೇಂಗಾ ಉಂಡಿಯಾಗಿಯೂ ಮಾಡಿ ಅದೇ ಕಥೆಯನ್ನು ಹೇಳಿ, ಯಾರ ತಪ್ಪು ದೊಡ್ಡದೆಂದು ಕೇಳಿದೆವು. ಗದ್ದಲವೆದ್ದಿತು. ಕನ್ನಡದಲ್ಲಿ ಆರಂಭವಾದ ವಾದವು ಮರಾಠಿಗೆ ಹೊರಳಿ, ಪದ್ಮಶಾಲಿ ಮನೆಯ ಇಬ್ಬರು ಹುಡುಗರಿಂದ ತೆಲುಗಿಗೂ ಹೋಗಿ ಮತ್ತೆ ಕನ್ನಡಕ್ಕೆ ಬಂದಿತು. ಹದಿನೈದು ಗ್ಲಾಸು ಎಂಬ ಪಕ್ಷಕ್ಕೂ ಕಳ್ಳತನ ಎಂಬ ಪಕ್ಷಕ್ಕೂ ಸರಿಸಮ ಬೆಂಬಲವಿತ್ತು. ಎರಡೂ ಪಕ್ಷಗಳು ತೀರ್ಪಿಗಾಗಿ ನಮ್ಮ ಮುಖ ನೋಡಿದವು. ನಾವು ಬಾಯಿ ತೆರೆಯಲಿಲ್ಲ. ಅಷ್ಟರಲ್ಲಿ ಕಂಬದ ಪಕ್ಕದಲ್ಲಿ ಅಲ್ಲಿಯವರೆಗೆ ಮಾತಾಡದೆ ಕುಳಿತಿದ್ದ ಆರು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಗಾಜೆಲ್ಲಾ ಬಳದ್ರೇನ್ರೀ? ಅವ್ವನ ಕಾಲಿಗೆ ಚುಚ್ಚಲಿಲ್ಲಲ್ರೀ?"